ಕೊಡುವ ತಾರೀಕಿನ ಪುಸ್ತಕ

ಹೊಲಿಗೆ ಅಂಗಡಿಯಲ್ಲಿ ಬಟ್ಟೆ, ಅಳತೆ, ಕತ್ತಿನ ಡಿಸೈನ್, ಕೂಲಿ ಎಲ್ಲ ಮಾತಾಗಿ ಮುಗಿದ ಮೇಲೆ ಗಿರಾಕಿ ಕೇಳುವ ಕೊನೆಯ ಪ್ರಶ್ನೆ ‘ಯಾವಾಗ ಕೊಡ್ತೀರಿ?’ ಎಂಬುದು. ಅಂಗಡಿಯ ಹೆಸರು ಉಳಿಯುವುದೂ ಕೆಡುವುದೂ ಆಗ ಹೇಳಿದ ತಾರೀಕಿನ ಮೇಲೆ. ಪ್ಲ್ಯಾನರ್ ಕೆಲಸಕ್ಕೆ ಬರಬೇಕಾದದ್ದು ಆ ಹೊತ್ತಿನಲ್ಲಿ. ಗಿರಾಕಿಯ ಎದುರಿಗೇ ಅದನ್ನು ತೆರೆದು, ಖಾಲಿ ಇರುವ ದಿನ ನೋಡಿ, ತಾರೀಕು ಹೇಳಲು ಬಾರದಿದ್ದರೆ ಅದರ ಹೊದಿಕೆ ಎಷ್ಟು ಚೆಂದವಿದ್ದೂ ಪ್ರಯೋಜನವಿಲ್ಲ.

ದಿನಾಂಕ ಅಚ್ಚಾದ ಡೈರಿ ವರ್ತಕರಿಗಾಗಿ ಹುಟ್ಟಿದ್ದು. ಲಂಡನ್ನಿನ ಜಾನ್ ಲೆಟ್ಸ್ ಎಂಬ ಸ್ಟೇಷನರಿ ವ್ಯಾಪಾರಿ 1812ರಲ್ಲಿ ಅಂಥದೊಂದನ್ನು ಮಾರಾಟಕ್ಕೆ ತಂದ. ಕನ್ನಡ ನಾಡಿನ ವರ್ತಕರೂ ಮಠಗಳೂ ಕಡತದಲ್ಲಿ ಲೆಕ್ಕ ಇಡುತ್ತಿದ್ದ ಕಾಲವೊಂದಿತ್ತು: ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯುವ ಪುಸ್ತಕ ಅದು. ಇವೆರಡೂ ವ್ಯಾಪಾರದ ವಿವರವನ್ನಷ್ಟೇ ಹಿಡಿದಿಡುತ್ತಿದ್ದವು. ವ್ಯಾಪಾರಿಯ ಊಟ ಯಾರು ಮಾಡಿದರು, ಮಗುವನ್ನು ಯಾರು ನೋಡಿಕೊಂಡರು ಎಂಬುದಕ್ಕೆ ಅಲ್ಲಿ ಸಾಲು ಇರಲಿಲ್ಲ. ಅಂಗಡಿಯನ್ನೂ ಅಡುಗೆಮನೆಯನ್ನೂ ಒಟ್ಟಿಗೆ ನಡೆಸುವ ಹೆಂಗಸಿಗೆ ಪ್ಲ್ಯಾನರ್ ಆರಿಸುವುದು ಕಷ್ಟವಾಗುವುದು ಇಲ್ಲೇ.

ಮುಂದಿನ ಮಾತು ಮೈಸೂರಿನ ಇಬ್ಬರದು. ಹಿರಿಯಾಕೆ ಮೂರು ದಶಕದಿಂದ ಬ್ಲೌಸ್ ಹೊಲಿಯುವ ಅಂಗಡಿ ನಡೆಸಿಕೊಂಡು ಬಂದವರು. ಬಿಲ್ ಬುಕ್, ಅಳತೆ ಪುಸ್ತಕ, ಗೋಡೆಯ ಕ್ಯಾಲೆಂಡರ್ ಇದ್ದರೆ ಸಾಕೆನ್ನುವವರು. ಕಿರಿಯಾಕೆ ಈಚೆಗೆ ಬೊಟಿಕ್ ತೆರೆದವರು. ಅರ್ಧದಷ್ಟು ಆರ್ಡರ್ ಫೋನಿನಲ್ಲೇ ಬರುತ್ತದೆ.

ಕಿರಿಯಾಕೆ: ಅಕ್ಕಾ, ಈ ಸಲ ಒಂದು ಒಳ್ಳೇ ಪ್ಲ್ಯಾನರ್ ತಗೋಬೇಕು ಅಂತಿದೀನಿ. ಯಾವ ಬ್ಲೌಸ್ ಯಾವತ್ತು ಕೊಡಬೇಕು ಅನ್ನೋದು ಅರ್ಧ ವಾಟ್ಸ್‌ಆ್ಯಪ್‌ನಲ್ಲಿ ಇದೆ, ಅರ್ಧ ತಲೆಯಲ್ಲಿ ಇದೆ.

ಹಿರಿಯಾಕೆ: ತಗೋ, ಬೇಡ ಅನ್ನಲ್ಲ. ಅದರಲ್ಲಿ ಏನು ಬರೀತೀಯ ಅಂತ ಮೊದಲು ಹೇಳು. ನನ್ನ ಬಿಲ್ ಬುಕ್ ನೋಡು. ಮೇಲಿನ ಚೀಟಿ ಗಿರಾಕಿಗೆ, ಕಾರ್ಬನ್ ಪ್ರತಿ ನನಗೆ. ಬಟ್ಟೆಯ ಒಂದು ಚೂರು ಅಲ್ಲೇ ಪಿನ್ ಮಾಡಿರ್ತೀನಿ. ತಾರೀಕು, ಅಡ್ವಾನ್ಸು, ಬಾಕಿ ಎಲ್ಲ ಅದರಲ್ಲೇ ಇದೆ.

ಕಿರಿಯಾಕೆ: ಒಂದೊಂದು ಬಿಲ್ಲಿನ ತಾರೀಕು ಇದೆ, ನಿಜ. ಬರೋ ಶುಕ್ರವಾರಕ್ಕೆ ಒಟ್ಟು ಎಷ್ಟು ಒಪ್ಕೊಂಡಿದೀರಿ ಅಂದ್ರೆ?

ಹಿರಿಯಾಕೆ: ಹಾಳೆ ತಿರುವಿ ನೋಡ್ತೀನಿ.

ಕಿರಿಯಾಕೆ: ಗಿರಾಕಿ ಎದುರಿಗೆ ನಿಂತಿರುವಾಗ ಯಾರು ತಿರುವುತ್ತಾರೆ ಅಕ್ಕಾ? ‘ಶುಕ್ರವಾರ ಬನ್ನಿ’ ಅಂದುಬಿಡ್ತೀವಿ. ಎಲ್ಲರಿಗೂ ಅದೇ ಶುಕ್ರವಾರ.

ಬಿಲ್ ಬುಕ್ ಬಂದ ಆರ್ಡರುಗಳ ವರಸೆಯಲ್ಲಿ ನಡೆಯುತ್ತದೆ, ಪ್ಲ್ಯಾನರ್ ಕೊಡಬೇಕಾದ ದಿನಗಳ ವರಸೆಯಲ್ಲಿ. ಹಾಗಾಗಿ ಒಂದು ಇದ್ದರೆ ಇನ್ನೊಂದು ಬೇಡ ಎನ್ನುವಂತಿಲ್ಲ. ಪ್ಲ್ಯಾನರಿನಲ್ಲಿ ಬಿಲ್ಲಿನ ನಂಬರ್ ಬರೆದರೆ ಸಾಕು. ಅಳತೆಯನ್ನೂ ಡಿಸೈನನ್ನೂ ಮತ್ತೆ ಅಲ್ಲಿ ನಕಲು ಮಾಡುವುದು ವ್ಯರ್ಥ ಶ್ರಮ. ಮುಖ್ಯವಾದ ವಿಚಾರ, ಒಂದು ದಿನದಲ್ಲಿ ಎಷ್ಟು ಕೆಲಸ ಹಿಡಿಯುತ್ತದೆ ಎಂಬುದು.

ಹಿರಿಯಾಕೆ: ನಿನ್ನ ಹತ್ತಿರ ಹೊಲಿಯೋರು ಎಷ್ಟು ಜನ?

ಕಿರಿಯಾಕೆ: ಇಬ್ಬರು, ಜತೆಗೆ ನಾನು. ಕಟಿಂಗ್ ಎಲ್ಲಾ ನಂದೇ.

ಹಿರಿಯಾಕೆ: ಹಾಗಾದ್ರೆ ಹೊಲಿಗೆ ಲೆಕ್ಕದಲ್ಲಿ ನಿನ್ನನ್ನ ಸೇರಿಸ್ಕೋಬೇಡ. ಇಬ್ಬರು, ಎಂಟೆಂಟು ಗಂಟೆ, ಹದಿನಾರಾಯ್ತು. ಕಾಫಿ, ಕರೆಂಟು ಹೋಗೋದು, ಬಾಬಿನ್ ಸುತ್ತೋದು, ಹೊಂದೋ ದಾರ ಹುಡುಕೋದು, ಇದಕ್ಕೆಲ್ಲ ನಾಲ್ಕು ಕಳಿ. ಉಳಿದದ್ದು ಹನ್ನೆರಡು. ಲೈನಿಂಗ್ ಬ್ಲೌಸಿಗೆ ಹುಕ್ಕು, ಹೆಮ್ಮಿಂಗ್ ಸೇರಿ ಎರಡು ಗಂಟೆ ಹಿಡಿ. ದಿನಕ್ಕೆ ಆರು. ಏಳನೇದಕ್ಕೆ ಅಡ್ವಾನ್ಸ್ ತಗೊಂಡ್ರೆ ಸುಳ್ಳು ಹೇಳಿ ದುಡ್ಡು ಇಸ್ಕೊಂಡ ಹಾಗೆ.

ಕಿರಿಯಾಕೆ: ಇದನ್ನೇ ನಾನು ಪುಟದ ಮೇಲೆ ಹಾಕಬೇಕು ಅಂದ್ಕೊಂಡಿರೋದು. ಒಂದು ದಿನಕ್ಕೆ ಆರು ಚೌಕ. ಲೈನಿಂಗ್ ಬ್ಲೌಸ್ ಒಂದು ಚೌಕ, ಪ್ಯಾಡ್ ಇಟ್ಟ ಪ್ರಿನ್ಸೆಸ್ ಕಟ್ ಎರಡು ಚೌಕ, ಸಾದಾ ಬ್ಲೌಸ್ ಅರ್ಧ. ಸೀರೆಗೆ ಫಾಲ್, ಪೀಕೋ ಹಾಕೋದನ್ನ ಪಕ್ಕದಲ್ಲಿ ಗೀಟು ಎಳೆದು ಎಣಿಸ್ತೀನಿ. ಆರಿ ವರ್ಕ್ ಹೊರಗೆ ಕೊಡೋದ್ರಿಂದ ಅದಕ್ಕೆ ಎರಡು ಕಡೆ ಬರೀಬೇಕು: ಕೊಟ್ಟ ದಿನ, ವಾಪಸ್ ಬರೋ ದಿನ. ಚೌಕ ತುಂಬಿದ್ರೆ ಆ ದಿನ ಮುಗೀತು, ಗಿರಾಕಿಗೂ ಪುಸ್ತಕ ತಿರುಗಿಸಿ ತೋರಿಸಬಹುದು.

ಹಿರಿಯಾಕೆ: ಐದೇ ತುಂಬು. ಆರನೇದು ಆಲ್ಟ್ರೇಷನ್‌ಗೆ ಇರಲಿ. ತೋಳು ಬಿಗಿ, ಕಂಕುಳಲ್ಲಿ ಹಿಡೀತಿದೆ ಅಂತ ಬರೋರು ತಾರೀಕು ನೋಡ್ಕೊಂಡು ಬರಲ್ಲ.

ಕಿರಿಯಾಕೆ: ಸೀಸನ್ನಿನಲ್ಲಿ ದಿನಕ್ಕೊಂದು ಚೌಕ ಖಾಲಿ ಬಿಟ್ಟರೆ ತಿಂಗಳಿಗೆ ಇಪ್ಪತ್ತೈದು ಬ್ಲೌಸಿನ ಕೂಲಿ ಬಿಟ್ಟ ಹಾಗೆ ಅಕ್ಕಾ. ಅಂಗಡಿ ಬಾಡಿಗೆ ಖಾಲಿ ಚೌಕ ನೋಡಿ ಕಡಿಮೆ ಆಗಲ್ಲ. ನಿಮ್ಮದು ಸ್ವಂತ ಕಟ್ಟಡ.

ಹಿರಿಯಾಕೆ: ಅದೂ ಸರಿ. ಸೀಸನ್ನಿನಲ್ಲಿ ಎರಡು ದಿನಕ್ಕೊಂದು ಬಿಡು. ಪೂರ್ತಿ ತುಂಬಿಸಿದ್ರೆ ಮಾತ್ರ ರಾತ್ರಿ ಹನ್ನೊಂದಕ್ಕೆ ಕೂತು ಹೊಲಿಯೋಳು ನೀನೇ.

ಎಷ್ಟು ಹೊತ್ತು ಹಿಡಿಯುತ್ತದೆ ಎಂಬ ಅಂದಾಜು ಸಾಮಾನ್ಯವಾಗಿ ಕಡಿಮೆಯ ಕಡೆಗೇ ತಪ್ಪುತ್ತದೆ. ಮನೋವಿಜ್ಞಾನಿಗಳಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್‌ಕಿ 1979ರಲ್ಲಿ ಈ ಒಲವನ್ನು ಗುರುತಿಸಿ ಹೆಸರಿಟ್ಟರು. 1994ರಲ್ಲಿ ಪ್ರಕಟವಾದ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಅವರ ಅಧ್ಯಯನದಲ್ಲಿ, ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 33.9 ದಿನದಲ್ಲಿ ಮುಗಿಸುತ್ತೇವೆ ಎಂದಿದ್ದರು, ಹಿಡಿದದ್ದು 55.5 ದಿನ. ಹಿಂದಿನ ಸಲವೂ ತಡವಾಗಿತ್ತು ಎಂಬ ಅನುಭವ ಇದ್ದರೂ ಹೊಸ ಅಂದಾಜು ಮಾಡುವಾಗ ಜನ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಆ ಅಧ್ಯಯನ ಕಂಡುಕೊಂಡ ಮುಖ್ಯ ಸಂಗತಿ. ಆದ್ದರಿಂದ ಪ್ಲ್ಯಾನರಿನಲ್ಲಿ ಅಂದಾಜಿನ ಪಕ್ಕ ನಿಜವಾಗಿ ಹಿಡಿದ ಹೊತ್ತಿಗೂ ಒಂದು ಕಿರಿದಾದ ಅಂಕಣ ಇರಬೇಕು. ಮಾರಾಟಕ್ಕಿರುವ ಪ್ಲ್ಯಾನರುಗಳಲ್ಲಿ ಗುರಿ ಬರೆಯಲು, ಕೃತಜ್ಞತೆ ಬರೆಯಲು, ನೀರು ಕುಡಿದದ್ದನ್ನು ಎಣಿಸಲು ಜಾಗವಿರುತ್ತದೆ. ಈ ಒಂದು ಅಂಕಣವನ್ನು ಕೊಳ್ಳುವವರೇ ಗೆರೆ ಎಳೆದು ಮಾಡಿಕೊಳ್ಳಬೇಕಾಗುತ್ತದೆ.

ಹಿರಿಯಾಕೆ: ಪ್ಲ್ಯಾನರ್ ಜನವರಿಯಲ್ಲಿ ಶುರುವಾಗುತ್ತಲ್ಲ, ನಮ್ಮ ಹೊಲಿಗೆಗೂ ಜನವರಿಗೂ ಏನು ಸಂಬಂಧ? ನನ್ನ ವರ್ಷ ಯುಗಾದಿಯಿಂದ. ಒಂಟಿಕೊಪ್ಪಲ್ ಪಂಚಾಂಗ ತಂದು ಮದುವೆ ಮುಹೂರ್ತಕ್ಕೆಲ್ಲ ಗುರುತು ಹಾಕ್ತೀನಿ. ಆಷಾಢ ಬಂತು ಅಂದ್ರೆ ಮದುವೆ ಇಲ್ಲ, ಆಗಲೇ ಮೆಷಿನ್ ರಿಪೇರಿ, ಲೈನಿಂಗ್ ಬಟ್ಟೆ ತರೋದು, ಹುಡುಗೀರಿಗೆ ರಜ ಕೊಡೋದು. ಶ್ರಾವಣ ಹುಟ್ಟಿದ್ರೆ ತಲೆ ಎತ್ತೋ ಹಾಗಿಲ್ಲ. ಧನುರ್ಮಾಸದಲ್ಲಿ ಮತ್ತೆ ಸ್ವಲ್ಪ ಉಸಿರು.

ಕಿರಿಯಾಕೆ: ನಾನು ಹೋದ ವರ್ಷದ ಪುಟ ನೋಡಿ ಈ ವರ್ಷದ್ದು ಬರ್ಕೊಳ್ಳೋಣ ಅಂತಿದ್ದೆ.

ಹಿರಿಯಾಕೆ: ವರಮಹಾಲಕ್ಷ್ಮಿ ಹಬ್ಬ ಒಂದನ್ನೇ ತಗೋ. 2023ರಲ್ಲಿ ಆಗಸ್ಟ್ 25, 2024ರಲ್ಲಿ 16, 2025ರಲ್ಲಿ 8. ಇಪ್ಪತ್ಮೂರರಲ್ಲಿ ಅಧಿಕ ಶ್ರಾವಣ ಬಂದಿತ್ತು, ಅದಕ್ಕೇ ಅಷ್ಟು ಮುಂದಕ್ಕೆ ಹೋಯ್ತು. ಹೋದ ವರ್ಷದ ಪುಟ ನೋಡ್ಕೊಂಡು ಕೂತ್ರೆ ಹಬ್ಬ ಮುಗಿದ ಮೇಲೆ ಲೈನಿಂಗ್ ತರ್ತೀಯ.

ಕಿರಿಯಾಕೆ: ನನ್ನ ಆಡಿಟರ್‌ಗೆ ಏಪ್ರಿಲ್ ಒಂದೇ ವರ್ಷದ ಮೊದಲು. ಮಗಳ ಶಾಲೆಗೆ ಜೂನ್. ಹಾಗಿದ್ರೆ ತಾರೀಕು ಅಚ್ಚು ಹಾಕದೇ ಇರೋ ಪ್ಲ್ಯಾನರೇ ಸರಿ. ಯಾವ ತಿಂಗಳಿಂದ ಬೇಕಾದ್ರೂ ಶುರು ಮಾಡಬಹುದು, ನಾಲ್ಕು ದಿನ ಬರೀದೆ ಬಿಟ್ರೂ ಹಾಳೆ ದಂಡ ಆಗಲ್ಲ.

ಹಿರಿಯಾಕೆ: ಮೊದಲ ಪುಟದಲ್ಲೇ ಇಡೀ ವರ್ಷದ ಹಬ್ಬ, ಮುಹೂರ್ತ ಬರ್ಕೊ. ಮದುಮಗಳ ಬ್ಲೌಸ್ ಅಂದ್ರೆ ಮುಹೂರ್ತದಿಂದ ಹಿಂದಕ್ಕೆ ಎಣಿಸಬೇಕು. ಹತ್ತು ದಿನ ಮುಂಚೆ ಟ್ರಯಲ್. ಅದಕ್ಕೆ ಮುಂಚೆ ಹೊಲಿಗೆ, ಅದಕ್ಕೂ ಮುಂಚೆ ಆರಿ ವರ್ಕ್. ಹಿಂದಕ್ಕೆ ಎಣಿಸಿ ಬಂದಾಗ ಇವತ್ತಿನ ತಾರೀಕೇ ದಾಟಿ ಹೋದ್ರೆ, ‘ಆಗಲ್ಲಮ್ಮ’ ಅಂತ ಆಗಲೇ ಹೇಳಿಬಿಡು.

ಇನ್ನು ಕಾಗದವೋ ಫೋನೋ ಎಂಬ ಆಯ್ಕೆ. ಇಲ್ಲಿ ರುಚಿಗಿಂತ ಕೆಲಸದ ಜಾಗವೇ ಹೆಚ್ಚು ನಿರ್ಧರಿಸುತ್ತದೆ. ಕಟಿಂಗ್ ಟೇಬಲಿನ ಮೇಲೆ ಸ್ಪೈರಲ್ ಹಾಕಿದ ಪುಸ್ತಕ ಅಗಲವಾಗಿ ಬಿಚ್ಚಿಕೊಂಡು ನಿಲ್ಲುತ್ತದೆ. ದಪ್ಪ ರಟ್ಟಿನ ಬೈಂಡಿನ ಡೈರಿ ಕೈ ಬಿಟ್ಟ ಕೂಡಲೇ ಮುಚ್ಚಿಕೊಳ್ಳುತ್ತದೆ. ಬ್ಯಾಂಕಿನವರೋ ವಿಮಾ ಏಜೆಂಟರೋ ಕೊಡುವ ಪುಕ್ಕಟೆ ಡೈರಿಯಲ್ಲಿ ಸಾಮಾನ್ಯವಾಗಿ ದಿನಕ್ಕೊಂದು ಪುಟ ಇರುವುದರಿಂದ ಒಂದು ವಾರ ಒಟ್ಟಿಗೆ ಕಣ್ಣಿಗೆ ಬೀಳುವುದಿಲ್ಲ. ಹೊಲಿಗೆಯಂಥ ವ್ಯಾಪಾರಕ್ಕೆ ಎದುರುಬದುರು ಎರಡು ಪುಟದಲ್ಲಿ ಒಂದು ವಾರ ಬರುವ, ಎ5ಕ್ಕಿಂತ ಸಣ್ಣದಲ್ಲದ ಪುಸ್ತಕ ಒಳ್ಳೆಯದು.

ಹಿರಿಯಾಕೆ: ಕೈಯೆಲ್ಲ ಚಾಕ್ ಪುಡಿ, ಮೆಷಿನ್ ಎಣ್ಣೆ. ಫೋನ್ ಒರೆಸಿ, ಬೀಗ ತೆಗೆದು, ಒಂದು ಚೌಕ ತುಂಬಬೇಕು ಅನ್ನುವಷ್ಟರಲ್ಲಿ ನಾಲ್ಕು ಮೆಸೇಜ್ ಬಂದಿರುತ್ತೆ. ಬಂದದ್ದು ಮರೆತೇ ಹೋಗುತ್ತೆ.

ಕಿರಿಯಾಕೆ: ಪುಸ್ತಕ ಕೂಗಲ್ಲ ಅಕ್ಕಾ. ‘ನಾಳೆ ಆರಿ ವರ್ಕ್ ವಾಪಸ್ ತರಬೇಕು’ ಅಂತ ಬರೆದಿದ್ರೂ ಆ ಪುಟ ತೆಗೆದ್ರೆ ತಾನೇ ಗೊತ್ತಾಗೋದು? ಫೋನ್ ಹಿಂದಿನ ದಿನವೇ ಕೂಗುತ್ತೆ. ಪುಸ್ತಕದ ಮೇಲೆ ಕಾಫಿ ಚೆಲ್ಲಿದ್ರೆ ಆ ವಾರವೇ ಹೋಯ್ತು. ಫೋನ್ ಕೆಟ್ಟರೂ ಹೊಸದರಲ್ಲಿ ಲೆಕ್ಕ ವಾಪಸ್ ಬರುತ್ತೆ.

ಹಿರಿಯಾಕೆ: ಕೂಗೋದು ಅಭ್ಯಾಸ ಆದ್ರೆ ಅದನ್ನೂ ಬಾಯಿ ಮುಚ್ಚಿಸ್ತೀವಿ. ರಾತ್ರಿ ಅಂಗಡಿ ಬಾಗಿಲು ಹಾಕೋ ಮುಂಚೆ ಹತ್ತು ನಿಮಿಷ ಕೂತು ನಾಳಿನ ಪುಟ ಬರೆದು ಹೋಗೋದು ನನ್ನ ರೂಢಿ. ಬರೆದು ಹೋದ ರಾತ್ರಿ ನಿದ್ದೆ ಬರುತ್ತೆ.

ಈ ಮಾತಿಗೆ ಆಧಾರವಿದೆ. ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಕೊರೆಯುತ್ತಿರುತ್ತದೆ. ಅದನ್ನು ಯಾವಾಗ, ಹೇಗೆ ಮಾಡುವುದೆಂದು ಖಚಿತವಾಗಿ ಯೋಚಿಸಿಟ್ಟರೆ, ಕೆಲಸ ಮುಗಿಯದಿದ್ದರೂ ಆ ಕೊರೆತ ತಗ್ಗುತ್ತದೆಂದು ಮನೋವಿಜ್ಞಾನಿಗಳಾದ ಮಾಸಿಕಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ತೋರಿಸಿದರು. ಕಾಗದ, ಫೋನು ಎರಡರಲ್ಲೂ ಇದು ಸಾಧ್ಯ. ಮಾತು ಹೇಳುವಾಗ ನೋಡಲು ಪುಸ್ತಕ, ಹೊರಗಿನ ಕೆಲಸ ನೆನಪಿಸಲು ಫೋನು ಎಂದು ಹಂಚಿಕೊಳ್ಳುವವರೂ ಇದ್ದಾರೆ. ಆದರೆ ಕೊಡುವ ತಾರೀಕು ಎರಡೂ ಕಡೆ ಇದ್ದರೆ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಬಿಟ್ಟುಹೋಗುತ್ತದೆ. ಅದಕ್ಕೆ ಒಂದೇ ಮನೆ ಇರಬೇಕು.

ಮನೆಯ ಕೆಲಸವನ್ನು ಅದೇ ಪುಸ್ತಕದಲ್ಲಿ ಬರೆಯಬೇಕೇ ಎಂಬಲ್ಲಿ ಇಬ್ಬರ ಮಾತು ಬಿಗಿಯಾಯಿತು.

ಕಿರಿಯಾಕೆ: ನನಗೆ ಎಲ್ಲ ಒಂದೇ ಪುಟದಲ್ಲಿ ಬೇಕು. ನಾಲ್ಕು ಗಂಟೆಗೆ ಮಗಳನ್ನ ಶಾಲೆಯಿಂದ ಕರ್ಕೊಂಡು ಬರಬೇಕು, ಗುರುವಾರ ಅತ್ತೆಗೆ ಶುಗರ್ ಟೆಸ್ಟ್. ಅಂಗಡಿ ಪುಸ್ತಕದಲ್ಲಿ ಇದು ಕಾಣಿಸದೇ ಇದ್ರೆ ನಾಲ್ಕರಿಂದ ಐದು ನನ್ನ ಕೈಯಲ್ಲಿದೆ ಅಂದ್ಕೊಂಡು ಕಟಿಂಗ್ ಒಪ್ಕೊಂಡುಬಿಡ್ತೀನಿ. ಇಲ್ಲದ ಗಂಟೆಯನ್ನ ಮಾರಿದ ಹಾಗೆ.

ಹಿರಿಯಾಕೆ: ಅಂಗಡಿ ಪುಸ್ತಕ ನಾಲ್ಕು ಜನ ನೋಡೋದು. ಗಿರಾಕಿಗೆ ತಿರುಗಿಸಿ ತೋರಿಸ್ತೀನಿ ಅಂತ ನೀನೇ ಹೇಳಿದೆ. ಅತ್ತೆ ಶುಗರ್ ಅವರು ಯಾಕೆ ಓದಬೇಕು? ಸಾಲ ಕೊಡೋರು, ದೊಡ್ಡ ಆರ್ಡರ್ ಕೊಡೋರು ನೋಡಿದ್ರೆ ‘ಈಯಮ್ಮನಿಗೆ ಮನೆ ಕೆಲಸದ ಮಧ್ಯೆ ಇದೊಂದು’ ಅಂದ್ಕೋತಾರೆ. ನಾನು ಮೂವತ್ತು ವರ್ಷ ಆ ಮಾತಿಗೆ ಎಡೆ ಕೊಡದೆ ಬಂದಿದೀನಿ.

ಕಿರಿಯಾಕೆ: ಎಡೆ ಕೊಡಲಿಲ್ಲ, ಸರಿ. ಕೆಲಸ ಕಡಿಮೆ ಆಯ್ತಾ? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಇದೆ: ಸಂಬಳವಿಲ್ಲದ ಮನೆಗೆಲಸ ಮಾಡೋ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡ್ತಾರೆ, ಗಂಡಸರು 88. ಹತ್ತಿರ ಹತ್ತಿರ ಐದು ಗಂಟೆ. ಯಾವ ಪ್ಲ್ಯಾನರಿನಲ್ಲಿ ಐದು ಗಂಟೆ ಬಿಟ್ಟು ಅಚ್ಚು ಹಾಕಿರ್ತಾರೆ ಹೇಳಿ.

ಹಿರಿಯಾಕೆ: ಬರೆದ್ರೆ ಆ ಐದು ಗಂಟೆ ಎಲ್ಲಿಗೂ ಹೋಗಲ್ಲ ಕಣಮ್ಮ. ನಿನ್ನ ಪುಸ್ತಕದಲ್ಲಿ ನಿನ್ನ ಕೈಯಾರೆ ಬರೆದಿಟ್ಟ ಮೇಲೆ ಅದು ನಿಂದೇ ಕೆಲಸ ಅಂತ ಇನ್ನೂ ಗಟ್ಟಿ ಆಗುತ್ತೆ. ನಿನ್ನ ಗಂಡನ ಡೈರಿಯಲ್ಲಿ ಮಗಳ ಶಾಲೆ ಇದೆಯಾ?

ಕಿರಿಯಾಕೆ: ಇರಲಿಲ್ಲ. ಒಂದು ಭಾನುವಾರ ನನ್ನ ವಾರದ ಪುಟ ಅವರ ಮುಂದೆ ಇಟ್ಟೆ. ಮಂಗಳವಾರ, ಗುರುವಾರ ಈಗ ಅವರು ಹೋಗ್ತಾರೆ. ಬಾಯಲ್ಲಿ ಹೇಳಿದಾಗ ಜಗಳ ಆಗ್ತಿತ್ತು, ಪುಟ ನೋಡಿದ ಮೇಲೆ ಮಾತುಕತೆ ಆಯ್ತು.

ಹಿರಿಯಾಕೆ: ನಿನಗೆ ತೋರಿಸೋಕೆ ಒಬ್ಬರಿದ್ದಾರೆ. ಪುಟ ನೋಡಿ ‘ಅಂಗಡಿ ಮುಚ್ಚು ಹಾಗಾದ್ರೆ’ ಅನ್ನೋ ಮನೆಗಳೂ ಇವೆ. ಅಂಥ ಮನೆಯ ಹೆಂಗಸಿಗೆ ಎರಡು ಪುಸ್ತಕವೇ ಕ್ಷೇಮ.

ಕಿರಿಯಾಕೆ: ಅಂಥ ಮನೆಗೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕಾ. ಗಿರಾಕಿಗೆ ಕಾಣಬಾರದು ಅನ್ನೋದು ಮಾತ್ರ ಒಪ್ಪಿದೆ. ಮನೆ ಕೆಲಸಕ್ಕೆ ವಿವರ ಬರಿಯಲ್ಲ, ಆ ಗಂಟೆಗೆ ಅಡ್ಡಗೆರೆ ಹೊಡೀತೀನಿ.

ತಾರೀಕು ದಾಟಿದರೆ ದಂಡ ಬೀಳುವ ಸರ್ಕಾರಿ ಕೆಲಸಗಳಿಗೆ ಇಷ್ಟು ಚರ್ಚೆ ಬೇಕಿಲ್ಲ. ಅವನ್ನು ವರ್ಷದ ಆರಂಭದಲ್ಲೇ ಬೇರೆ ಬಣ್ಣದ ಶಾಯಿಯಲ್ಲಿ ಬರೆದಿಡಬೇಕು. ಕರ್ನಾಟಕದಲ್ಲಿ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕು. ನೋಂದಣಿ ಆದವರು ತಿಂಗಳು ತಿಂಗಳು ಲೆಕ್ಕ ಕೊಡುವುದಾದರೆ ಮರುತಿಂಗಳ 11 ಮತ್ತು 20 ಎರಡು ಗಡುವು. ಮೂರು ತಿಂಗಳಿಗೊಮ್ಮೆ ಕೊಡುವ ಪದ್ಧತಿ ಆರಿಸಿಕೊಂಡರೆ ತ್ರೈಮಾಸಿಕ ಮುಗಿದ ಮೇಲಿನ 13 ಮತ್ತು 22. ತ್ರೈಮಾಸಿಕದ ಮೊದಲೆರಡು ತಿಂಗಳ ತೆರಿಗೆಗೆ ಮರುತಿಂಗಳ 25. ಗಡುವಿನ ದಿನವನ್ನಷ್ಟೇ ಬರೆದರೆ ಸಾಲದು. ಐದು ದಿನ ಮೊದಲು ‘ಬಿಲ್ಲುಗಳನ್ನು ಆಡಿಟರಿಗೆ ಕಳಿಸು’ ಎಂದು ಬರೆಯಬೇಕು.

ಹಿರಿಯಾಕೆ: ಕೊಡೋ ದುಡ್ಡಿನ ತಾರೀಕು ಎಲ್ಲರೂ ಬರೀತಾರೆ. ಬರೋ ದುಡ್ಡಿಂದು ಬರೀಬೇಕು. ನೀನು ಹೋಟೆಲಿಗೆ ಯೂನಿಫಾರ್ಮ್ ಹೊಲಿದು ಕೊಟ್ಟೆಯಲ್ಲ, ದುಡ್ಡು ಬಂತಾ?

ಕಿರಿಯಾಕೆ: ‘ಮುಂದಿನ ತಿಂಗಳು’ ಅಂತಿದ್ದಾರೆ. ಉದ್ಯಮ್ ನೋಂದಣಿ ಮಾಡಿಸಿದೀನಿ. ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಪ್ರಕಾರ ಕರಾರು ಇದ್ರೂ 45 ದಿನಕ್ಕಿಂತ ಮುಂದಕ್ಕೆ ಹಾಕೋ ಹಾಗಿಲ್ಲ, ಕರಾರು ಇಲ್ಲದಿದ್ರೆ 15 ದಿನ. ಮೀರಿದ್ರೆ ಬಡ್ಡಿ ಕೇಳಬಹುದು.

ಹಿರಿಯಾಕೆ: ಮಾಲು ತಲುಪಿಸಿ ಸಹಿ ಹಾಕಿಸ್ಕೊಂಡ ದಿನ ಯಾವುದು?

ಕಿರಿಯಾಕೆ: ಅದನ್ನ ಬರೆದಿಟ್ಟಿಲ್ಲ.

ಹಿರಿಯಾಕೆ: ಮತ್ತೆ ಯಾವ ದಿನದಿಂದ ಎಣಿಸ್ತೀಯ? ತಲುಪಿಸಿದ ದಿನ ಒಂದು ಕಡೆ, ಮೂವತ್ತನೇ ದಿನಕ್ಕೆ ‘ಫೋನ್ ಮಾಡು’ ಅಂತ ಇನ್ನೊಂದು ಕಡೆ ಬರಿ. ಬಡ್ಡಿ ಕೇಳಿದ್ರೆ ಆ ಗಿರಾಕಿ ಮತ್ತೆ ಬರಲ್ಲ, ಅದೂ ಗೊತ್ತಿರಲಿ. ತಾರೀಕು ಹಿಡಿದು ಕೇಳೋರಿಗೆ ಬೇಗ ಕೊಡ್ತಾರೆ ಅಷ್ಟೆ.

ಪ್ಲ್ಯಾನರ್ ಯಜಮಾನಿಯೊಬ್ಬಳಿಗೇ ಅರ್ಥವಾಗುವ ಭಾಷೆಯಲ್ಲಿ ಇದ್ದರೆ ಆಕೆ ಜ್ವರ ಬಂದು ಮಲಗಿದ ದಿನ ಅಂಗಡಿಯೂ ಮಲಗುತ್ತದೆ. ಇದರ ಬಗೆಗೆ ಹಿರಿಯಾಕೆಯ ನಿಲುವು ಖಚಿತ.

ಹಿರಿಯಾಕೆ: ‘ಪಿಸಿ’, ‘ಎಚ್‌ಎಂ’, ‘ಆರ್‌ಟಿ’ ಅಂತೆಲ್ಲ ಇಂಗ್ಲಿಷಿನಲ್ಲಿ ಬರೆದಿದ್ದೀಯಲ್ಲ, ಹೆಮ್ಮಿಂಗ್ ಮಾಡೋ ಹುಡುಗಿಗೆ ಅರ್ಥ ಆಗುತ್ತಾ? ಕನ್ನಡದಲ್ಲಿ ಬರಿ. ಇನ್ನೊಂದು, ಅವಳಿಗೆ ವಾರಕ್ಕೊಮ್ಮೆ ಸ್ತ್ರೀಶಕ್ತಿ ಸಂಘದ ಸಭೆ ಇರುತ್ತೆ, ಕಂತು ಕಟ್ಟಬೇಕು. ಆ ದಿನ ನಿನ್ನ ಆರು ಚೌಕ ನಾಲ್ಕೇ. ಅವಳ ದಿನವೂ ನಿನ್ನ ಪುಸ್ತಕದಲ್ಲಿ ಇರಬೇಕು.

ಕಿರಿಯಾಕೆ: ಅದು ಹೊಳೆದಿರಲಿಲ್ಲ. ಆದ್ರೆ ಪುಸ್ತಕ ಪೂರ್ತಿ ಬಿಟ್ಟುಕೊಡೋಕೆ ಮನಸ್ಸಿಲ್ಲ. ಗಿರಾಕಿಯ ಫೋನ್ ನಂಬರ್, ನಾನು ತಗೊಳ್ಳೋ ಕೂಲಿ ಎಲ್ಲ ಅದರಲ್ಲಿದೆ. ನಾಳೆ ಅವಳೇ ಬೇರೆ ಅಂಗಡಿ ಇಟ್ರೆ?

ಹಿರಿಯಾಕೆ: ಇಡಲಿ. ನನ್ನ ಹತ್ತಿರ ಕಲಿತ ಮೂವರು ಇಟ್ಟಿದ್ದಾರೆ. ನಂಬರ್, ಕೂಲಿ ಬಿಲ್ ಬುಕ್ಕಿನಲ್ಲಿ ಇಟ್ಕೊ, ಪ್ಲ್ಯಾನರಿನಲ್ಲಿ ಬಿಲ್ ನಂಬರ್ ಸಾಕು.

ಕಿರಿಯಾಕೆ: ಗೋಡೆ ಮೇಲೆ ಬೋರ್ಡ್ ಹಾಕಿ ಆ ವಾರದ ಚೌಕಗಳನ್ನಷ್ಟೇ ಬರೆದರೆ?

ಹಿರಿಯಾಕೆ: ಆಗ ಎರಡು ಕಡೆ ತಿದ್ದಬೇಕು. ನಿನ್ನಿಂದ ಆಗುತ್ತೆ ಅಂದ್ರೆ ಮಾಡು, ನನಗೆ ನಂಬಿಕೆ ಇಲ್ಲ.

ಕೊನೆಯದಾಗಿ, ವರ್ಷ ಮುಗಿದ ಪುಸ್ತಕದ ವಿಚಾರ. ಜಿಎಸ್‌ಟಿ ನೋಂದಣಿ ಇರುವವರು ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಬಿಲ್ ಬುಕ್ ಈ ಲೆಕ್ಕಕ್ಕೆ ಬರುತ್ತದೆ. ಪ್ಲ್ಯಾನರನ್ನು ಇಡುವಂತೆ ಯಾರೂ ಕೇಳುವುದಿಲ್ಲ. ಆದರೂ ಅಂದಾಜಿನ ಪಕ್ಕ ನಿಜವಾದ ಹೊತ್ತು ಬರೆದಿರುವ ಪುಟಗಳು ಮುಂದಿನ ವರ್ಷ ಕೂಲಿ ನಿಗದಿ ಮಾಡುವಾಗ ಬೇಕಾಗುತ್ತವೆ.

ಕಿರಿಯಾಕೆ: ನಾನು ಎಲ್ಲ ಪುಟದ ಫೋಟೋ ತೆಗೆದಿಟ್ಕೊಂಡು ಪುಸ್ತಕ ರದ್ದಿಗೆ ಹಾಕ್ತೀನಿ. ಅಂಗಡಿಯಲ್ಲಿ ಜಾಗ ಇಲ್ಲ.

ಹಿರಿಯಾಕೆ: ಫೋಟೋ ಸಾವಿರ ಇರುತ್ತೆ, ಹುಡುಕಲ್ಲ. ರದ್ದಿಗೆ ಹಾಕೋ ಮುಂಚೆ ಒಂದು ಮಧ್ಯಾಹ್ನ ಕೂತು, ಯಾವ ಹಬ್ಬಕ್ಕೆ ಎಷ್ಟು ದಿನ ಮುಂಚೆ ಆರ್ಡರ್ ನಿಲ್ಲಿಸಬೇಕಾಗಿ ಬಂತು, ಪ್ರಿನ್ಸೆಸ್ ಕಟ್‌ಗೆ ನಿಜವಾಗಿ ಎಷ್ಟು ಗಂಟೆ ಆಯ್ತು ಅಂತ ಹೊಸ ಪುಸ್ತಕದ ಮೊದಲ ಪುಟಕ್ಕೆ ಇಳಿಸ್ಕೊ.

ಕಿರಿಯಾಕೆ: ಮಧ್ಯಾಹ್ನ ಯಾವಾಗ ಅಕ್ಕಾ, ಶ್ರಾವಣದಲ್ಲಾ?

ಹಿರಿಯಾಕೆ: ಆಷಾಢದಲ್ಲಿ. ಈಗಲೇ ಬರ್ಕೊ.